ಊಟದ ಮೇಜಿನ ಮೇಲೆ ಶ್ರೀರಂಗಪಟ್ಟಣ

ಕಳೆದ ವರ್ಷ ಜುಲೈ ತಿಂಗಳಿನಲ್ಲಿ ನನ್ನ ಮಗಳು ಇಂಗ್ಲೆಂಡಿನಿಂದ ರಜೆಗೆಂದು ಹಾಸನಕ್ಕೆ ಬಂದಾಗ ಅವರ ಸಾಮಾನುಗಳ ನಡುವೆ ಒಂದು ತಗಡಿನ ಪೆಟ್ಟಿಗೆ ಇದ್ದಿತು. ಹನ್ನೆರಡು ವರ್ಷದ ಮೊಮ್ಮಗ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ವಿಮಾನದಲ್ಲಿಯೂ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದನಂತೆ. ಮರುದಿನ ಬೆಳಿಗ್ಗೆ ನಾನು ಪತ್ರಿಕೆ ಓದುತ್ತಿದ್ದಾಗ ಅವನು ಅದನ್ನು ನನ್ನ ಮುಂದೆ ತಂದಿಟ್ಟು ಮುಚ್ಚಳ ತೆಗೆದನು. ಒಳಗೆ ಹತ್ತಿಯ ಹಾಸಿನ ಮೇಲೆ ಸಾಲುಸಾಲಾಗಿ ಮಲಗಿದ್ದ ಸಿಪಾಯಿಗಳು. ಒಬ್ಬೊಬ್ಬನೂ ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರ. ಕೆಂಪು ಅಂಗಿ, ಬಿಳಿಯ ಅಡ್ಡಪಟ್ಟಿ, ಕೈಯಲ್ಲಿ ಬಂದೂಕು. ಮೀಸೆಯನ್ನೂ ಬಿಡದೆ ಬಣ್ಣ ಹಚ್ಚಿದ್ದನು. "ಇವರೆಲ್ಲ ನಾನೇ ಪೇಂಟ್ ಮಾಡಿದ್ದು ತಾತ. ನೀವು ಆಡ್ತೀರಾ?" ಎಂದನು.

ಅರವತ್ತಾರು ವರ್ಷದ ನಿವೃತ್ತ ಮೇಷ್ಟ್ರನ್ನು ಗೊಂಬೆಯಾಟಕ್ಕೆ ಕರೆಯುವುದೇ ಎಂದು ನನ್ನಾಕೆ ನಕ್ಕಳು. ನಾನೂ ನಕ್ಕೆ. ಆದರೆ ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಆ ಪೆಟ್ಟಿಗೆಯನ್ನು ನೋಡಿದೊಡನೆ ನೆನಪಾದುದು ಬೇರೊಂದು. ಅದನ್ನು ಹೇಳಲೆಂದೇ ಈ ಲೇಖನವನ್ನು ಬರೆಯಲು ಕುಳಿತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಅದು ತಿಳಿದಿರಲೂಬಹುದು. ಆದರೆ ಅದಕ್ಕೆ ಮೊದಲು ಈ ಆಟದ ಕಥೆಯನ್ನು ಹೇಳುವುದು ಒಳ್ಳೆಯದು. ಮೊಮ್ಮಗನ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ನಾನೂ ಕಲಿತದ್ದು ಇದು.

ಚದುರಂಗವು ನಮ್ಮ ದೇಶದಲ್ಲಿ ಹುಟ್ಟಿ ಪರ್ಷಿಯಾ, ಅರಬ್ ನಾಡುಗಳ ಮೂಲಕ ಯುರೋಪಿಗೆ ಹೋಯಿತೆಂಬುದನ್ನು ನಿಮಗೆಲ್ಲ ಎಂಟನೆಯ ತರಗತಿಯಲ್ಲಿಯೇ ಹೇಳಿದ್ದೇನೆ. ರಥ, ಗಜ, ತುರಗ, ಪದಾತಿ ಎಂಬ ನಾಲ್ಕು ಅಂಗಗಳ ಸೈನ್ಯವೇ ಅದು. ಆದರೆ ಚದುರಂಗದ ಮನೆಗಳಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಕೆಸರಿಲ್ಲ. ಎರಡು ಕಡೆಯವರಿಗೂ ಎಲ್ಲವೂ ಕಾಣುತ್ತದೆ. ನಿಜವಾದ ಯುದ್ಧದಲ್ಲಿ ಇದಾವುದೂ ಹೀಗಿರುವುದಿಲ್ಲ. ಈ ಕೊರತೆಯನ್ನು ತುಂಬಲು ಹೊರಟವನು ಜರ್ಮನಿಯ ಬ್ರನ್ಸ್‌ವಿಕ್ ಎಂಬ ಸಣ್ಣ ಸಂಸ್ಥಾನದ ಹೆಲ್ವಿಗ್. ಆತ ಸೇನಾಪತಿಯಲ್ಲ, ಅರಮನೆಯ ಹುಡುಗರಿಗೆ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು! (ನಮ್ಮ ಕಸುಬಿನವನೆಂದು ನನಗೆ ಸ್ವಲ್ಪ ಹೆಮ್ಮೆಯೇ.) 1780ರಲ್ಲಿ ಆತ ಪ್ರಕಟಿಸಿದ ಆಟದ ಹಲಗೆಯಲ್ಲಿ 64 ಮನೆಗಳಿಗೆ ಬದಲಾಗಿ 1617 ಮನೆಗಳಿದ್ದವು. ಬೆಟ್ಟಕ್ಕೊಂದು ಬಣ್ಣ, ನೀರಿಗೊಂದು ಬಣ್ಣ. ಚದುರಂಗ ಬಲ್ಲವರು ಸುಲಭವಾಗಿ ಕಲಿಯಲಿ, ಮುಂದೆ ಸೈನ್ಯಕ್ಕೆ ಸೇರುವ ಹುಡುಗರಿಗೆ ಯುದ್ಧದ ತತ್ತ್ವ ತಿಳಿಯಲಿ ಎಂಬುದು ಆತನ ಉದ್ದೇಶ.

ಈ ಹೆಲ್ವಿಗನ ಆಟವನ್ನು ಬಾಲ್ಯದಲ್ಲಿ ಆಡಿದ್ದವನೊಬ್ಬನ ಹೆಸರು ರೈಸ್‌ವಿಟ್ಸ್. ದೊಡ್ಡವನಾದ ಮೇಲೆ ಪ್ರಷ್ಯಾ ಸರ್ಕಾರದಲ್ಲಿ ಅಧಿಕಾರಿಯಾಗಿ ಬ್ರೆಸ್ಲಾವಿನಲ್ಲಿದ್ದನು. ಹಲಗೆಯ ಮೇಲಿನ ಮನೆಗಳು ಆತನಿಗೆ ಸಾಲಲಿಲ್ಲ. ಮರಳಿನಲ್ಲಿ ಗುಡ್ಡ, ಕಣಿವೆಗಳನ್ನು ಮಾಡಿ ಅದರ ಮೇಲೆ ಸೈನ್ಯವನ್ನು ನಡೆಸತೊಡಗಿದನು. ಸುದ್ದಿ ರಾಜಕುಮಾರರ ಕಿವಿಗೆ ಬಿದ್ದು, ಅವರಿಂದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಮ್ಮನ ಕಿವಿಗೂ ಬಿದ್ದಿತು. ಆದರೆ ಮಹಾರಾಜನ ಮುಂದೆ ಮರಳಿನ ಗುಡ್ಡೆ ಹಾಕಿ ತೋರಿಸುವುದು ಹೇಗೆ? ರೈಸ್‌ವಿಟ್ಸ್ ಸಮಯ ತೆಗೆದುಕೊಂಡು, ಸೆಳೆಖಾನೆಗಳಿರುವ ದೊಡ್ಡ ಮೇಜೊಂದನ್ನು ಮಾಡಿಸಿ, ಬೆಟ್ಟ, ಹೊಳೆ, ರಸ್ತೆಗಳ ಅಚ್ಚುಗಳನ್ನು ಬೇಕಾದಂತೆ ಜೋಡಿಸಿಕೊಳ್ಳುವ ಹಾಗೆ ಸಿದ್ಧಪಡಿಸಿ 1812ರಲ್ಲಿ ಅರಮನೆಗೆ ಒಪ್ಪಿಸಿದನು. ನೆಪೋಲಿಯನ್ನನ ಕೈಯಲ್ಲಿ ಸೋತು ಕುಗ್ಗಿದ್ದ ಆ ರಾಜಮನೆತನದವರು ಸಂಜೆಯ ಹೊತ್ತು ಅದರ ಸುತ್ತ ಸೇರಿ ಆಡುತ್ತಿದ್ದರಂತೆ.

ಆಟವನ್ನು ನಿಜವಾಗಿ ಬೆಳೆಸಿದವನು ಆತನ ಮಗ. ಅವನು ಪ್ರಷ್ಯಾದ ಫಿರಂಗಿ ದಳದಲ್ಲಿ ಲೆಫ್ಟಿನೆಂಟ್. ತಂದೆಯ ಅಚ್ಚುಗಳನ್ನು ಬಿಟ್ಟು 1:8000 ಅಳತೆಯ ನಕಾಶೆಯನ್ನು ಹಿಡಿದನು. ಸೈನ್ಯದ ಒಂದೊಂದು ತುಕಡಿಗೂ ನೀಲಿ, ಕೆಂಪು ಬಣ್ಣದ ಸಣ್ಣ ಬಿಲ್ಲೆ. ಒಂದು ಸರದಿ ಎಂದರೆ ಎರಡು ನಿಮಿಷದ ಯುದ್ಧ. ಆ ಎರಡು ನಿಮಿಷದಲ್ಲಿ ಕಾಲಾಳು ಎಷ್ಟು ದೂರ ನಡೆದಾನು, ಕುದುರೆ ಎಷ್ಟು ಓಡೀತು, ಇಷ್ಟು ದೂರದಿಂದ ಫಿರಂಗಿ ಹಾರಿಸಿದರೆ ಎಷ್ಟು ಜನ ಬಿದ್ದಾರು, ಎಲ್ಲಕ್ಕೂ ಕೋಷ್ಟಕಗಳಿದ್ದವು. ಅದೃಷ್ಟದ ಪಾಲಿಗೆ ದಾಳ. ಇಬ್ಬರು ಆಟಗಾರರಿಗೂ ಎದುರಾಳಿಯ ಪೂರ್ತಿ ಸೈನ್ಯ ಕಾಣುತ್ತಿರಲಿಲ್ಲ. ಎಲ್ಲವನ್ನೂ ಬಲ್ಲವನು ಅಂಪೈರ್ ಒಬ್ಬನೇ. ಆಟಗಾರರು ಚೀಟಿಯಲ್ಲಿ ಆಜ್ಞೆ ಬರೆದು ಅವನಿಗೆ ಕೊಡಬೇಕು. ಕಣ್ಣಿಗೆ ಕಂಡಿರಬಹುದಾದದ್ದನ್ನು ಮಾತ್ರ ಅವನು ನಕಾಶೆಯ ಮೇಲೆ ಇಡುತ್ತಾನೆ. ಈ ಅಂಪೈರ್ ಎಂಬ ವ್ಯಕ್ತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತಾನೆ.

1824ರಲ್ಲಿ ಪ್ರಷ್ಯಾದ ದಂಡನಾಯಕರ ಮುಖ್ಯಸ್ಥ ಮುಫ್ಲಿಂಗ್ ಇದನ್ನು ನೋಡಲು ಬಂದಾಗ ಮೊದಲು ಮುಖ ಗಂಟಿಕ್ಕಿಕೊಂಡೇ ಕುಳಿತಿದ್ದನಂತೆ. ಆಟ ಮುಂದುವರಿದಂತೆ ಮುಖ ಸಡಿಲವಾಗಿ, ಕೊನೆಗೆ ಇದು ಆಟವಲ್ಲ, ಯುದ್ಧದ ಪಾಠಶಾಲೆ ಎಂಬರ್ಥದ ಮಾತನ್ನಾಡಿ ಎದ್ದನು. ಸೈನ್ಯದ ಪತ್ರಿಕೆಯಲ್ಲಿ ಶಿಫಾರಸು ಬಂದಿತು, ಪಡೆಗಳಿಗೆಲ್ಲ ಆಟ ಹೋಯಿತು. ಆದರೆ ಮಾಡಿದವನ ಗತಿ? ಕ್ಯಾಪ್ಟನ್ ಹುದ್ದೆಗೆ ಬಡ್ತಿ ಕೊಟ್ಟು ಟೋರ್ಗಾವ್ ಎಂಬ ಕೋಟೆಗೆ ವರ್ಗ ಮಾಡಿದರು. ಬರ್ಲಿನ್ನಿನಿಂದ ಓಡಿಸಿದರೆಂದೇ ಅವನು ಭಾವಿಸಿದನು. 1827ರಲ್ಲಿ ತನ್ನನ್ನು ತಾನೇ ಕೊಂದುಕೊಂಡನು. ವರ್ಗಾವಣೆಯ ನೋವು ಏನೆಂದು ಬಲ್ಲ ಸರ್ಕಾರಿ ನೌಕರರು ನಮ್ಮ ಬಂಧುಗಳಲ್ಲಿಯೇ ಬಹಳ ಮಂದಿ ಇದ್ದಾರೆ. ಆದುದರಿಂದ ಇದನ್ನು ವಿವರಿಸಬೇಕಾಗಿಲ್ಲ.

ಅವನು ಸತ್ತ ಮೇಲೆ ಆಟ ಬದುಕಿತು. 1866ರಲ್ಲಿ ಆಸ್ಟ್ರಿಯಾವನ್ನೂ 1870-71ರಲ್ಲಿ ಫ್ರಾನ್ಸನ್ನೂ ಪ್ರಷ್ಯಾ ಸೋಲಿಸಿದಾಗ, ಇವರ ಗುಟ್ಟೇನೆಂದು ಹುಡುಕಿದ ಇತರ ದೇಶಗಳವರ ಕಣ್ಣಿಗೆ ಈ ಆಟವೂ ಬಿದ್ದಿತು. ಇಂಗ್ಲಿಷಿನಲ್ಲಿ ಅದರ ನಿಯಮಗಳನ್ನು 1872ರಲ್ಲಿ ಸಿದ್ಧಪಡಿಸಿಕೊಟ್ಟ ಕ್ಯಾಪ್ಟನ್ ಈವ್ಲಿನ್ ಬೇರಿಂಗ್ ಅದೇ ವರ್ಷ ವೈಸ್‌ರಾಯ್ ನಾರ್ತ್‌ಬ್ರೂಕನ ಆಪ್ತ ಕಾರ್ಯದರ್ಶಿಯಾಗಿ ಭಾರತಕ್ಕೆ ಬಂದನು. ಮುಂದೆ ಈಜಿಪ್ಟನ್ನು ಆಳಿದ ಲಾರ್ಡ್ ಕ್ರೋಮರ್ ಈತನೇ. ಇರಲಿ, ಅದು ಬೇರೆಯ ಕಥೆ.

ಸೈನ್ಯದ ಕೋಣೆಗಳಿಂದ ಈ ಆಟವು ಮನೆಗೆ ಬಂದುದು ಸಾಹಿತಿಗಳ ಮೂಲಕ ಎಂಬುದು ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ. 'ಟ್ರೆಷರ್ ಐಲೆಂಡ್' ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಶ್ವಾಸಕೋಶದ ಕಾಯಿಲೆಯಿಂದ ನರಳುತ್ತ 1880ರಿಂದ ಎರಡು ಚಳಿಗಾಲಗಳನ್ನು ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿ ಕಳೆದನು. ಜೊತೆಗಿದ್ದವನು ಹೆಂಡತಿಯ ಮೊದಲ ಮದುವೆಯ ಮಗ, ಹದಿಮೂರರ ಆಸುಪಾಸಿನ ಲಾಯ್ಡ್. ಹೊರಗೆ ಹಿಮ. ಒಳಗೆ ಕೆಮ್ಮುವ ಮಲತಂದೆ, ಬೇಸರದ ಹುಡುಗ. ಇಬ್ಬರೂ ಅಟ್ಟದ ನೆಲದ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬೆಟ್ಟ, ನದಿ, ಊರು, ರಸ್ತೆಗಳನ್ನು ಬರೆದು, ನೂರಾರು ಸೀಸದ ಸಿಪಾಯಿಗಳನ್ನು ಹರಡಿ ವಾರಗಟ್ಟಲೆ ಯುದ್ಧ ನಡೆಸುತ್ತಿದ್ದರು. ಎತ್ತರದ ಮನುಷ್ಯ ಆ ತಗ್ಗು ಅಟ್ಟದಲ್ಲಿ ಹೊಟ್ಟೆಯ ಮೇಲೆ ಮಲಗಿಕೊಂಡೇ ಆಡಬೇಕು. ಅಷ್ಟೇ ಅಲ್ಲ, ಆ ಯುದ್ಧದ ವರದಿಗಳನ್ನು ಸುಳ್ಳು ಪತ್ರಿಕೆಗಳ ಹೆಸರಿನಲ್ಲಿ ಸ್ಟೀವನ್‌ಸನ್ ತಾನೇ ಬರೆಯುತ್ತಿದ್ದನು, ಒಂದು ಪತ್ರಿಕೆ ಒಂದು ಪಕ್ಷದ್ದು, ಇನ್ನೊಂದು ಮತ್ತೊಂದು ಪಕ್ಷದ್ದು. ಅವನು ಸತ್ತ ನಾಲ್ಕು ವರ್ಷದ ಮೇಲೆ, 1898ರಲ್ಲಿ, ಆ ಹುಡುಗ ದೊಡ್ಡವನಾಗಿ ಈ ನೆನಪುಗಳನ್ನು ಅಮೆರಿಕದ ಮಾಸಪತ್ರಿಕೆಯೊಂದರಲ್ಲಿ ಪ್ರಕಟಿಸಿದನು.

ಈ ನಡುವೆ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬ ಆಟಿಕೆ ತಯಾರಕನ ಮನೆತನದವರು 1893ರಲ್ಲಿ ಒಂದು ಉಪಾಯ ಕಂಡುಹಿಡಿದರು. ಕರಗಿದ ಸೀಸವನ್ನು ಅಚ್ಚಿಗೆ ಹೊಯ್ದು, ಅಂಚು ಗಟ್ಟಿಯಾಗುತ್ತಿದ್ದಂತೆ ಒಳಗಿನದನ್ನು ಹೊರಗೆ ಸುರಿದುಬಿಡುವುದು. ಸಿಪಾಯಿ ಒಳಗೆ ಪೊಳ್ಳು. ಸೀಸ ಕಡಿಮೆ, ತೂಕ ಕಡಿಮೆ, ಬೆಲೆಯೂ ಕಡಿಮೆ. ಅದುವರೆಗೆ ಜರ್ಮನಿಯ ಗಟ್ಟಿ ಸಿಪಾಯಿಗಳನ್ನು ಕೊಳ್ಳಲಾರದವರ ಮಕ್ಕಳಿಗೂ ಸೈನ್ಯ ದೊರೆಯಿತು. 

ಇಂತಹ ಸಿಪಾಯಿಗಳನ್ನೇ ಎಚ್. ಜಿ. ವೆಲ್ಸ್ ಹಿಡಿದನು. ಒಂದು ದಿನ ಊಟವಾದ ಮೇಲೆ ಅವನ ಮಿತ್ರನೊಬ್ಬ ಮಕ್ಕಳ ಆಟಿಕೆ ಫಿರಂಗಿಯನ್ನು ಎತ್ತಿಕೊಂಡು ಮರದ ಗುಂಡಿನಿಂದ ಒಬ್ಬ ಸಿಪಾಯಿಯನ್ನು ಕೆಡವಿದನು. ನೀನು ಹೊಡೆ ನೋಡೋಣ ಎಂದು ಪಂಥ ಕಟ್ಟಿದನು. (ಆ ಮಿತ್ರ ಹಾಸ್ಯ ಲೇಖಕ ಜೆರೋಮ್ ಕೆ. ಜೆರೋಮ್ ಎಂದು ಹೇಳುತ್ತಾರೆ. ವೆಲ್ಸ್ ಹೆಸರಿನ ಮೊದಲಕ್ಷರಗಳನ್ನು ಮಾತ್ರ ಕೊಟ್ಟಿದ್ದಾನೆ.) ಅಲ್ಲಿಂದ ಕುರ್ಚಿಗಳನ್ನು ಸರಿಸಿ, ಮಕ್ಕಳ ಮರದ ಇಟ್ಟಿಗೆಗಳಿಂದ ಮನೆಗಳನ್ನು ಕಟ್ಟಿ, ನೆಲದ ಮೇಲೆ ದೊಡ್ಡವರೆಲ್ಲ ಮಂಡಿಯೂರಿದರು. ಕಾಲಾಳು ಸರದಿಗೆ ಒಂದು ಅಡಿ ನಡೆಯಬಹುದು, ಕುದುರೆ ಸವಾರ ಎರಡು ಅಡಿ. ಫಿರಂಗಿಯ ಬಳಿ ಕನಿಷ್ಠ ನಾಲ್ವರು ಇಲ್ಲದಿದ್ದರೆ ಅದು ಹಾರುವುದಿಲ್ಲ. ಪ್ರತಿ ಸರದಿಗೂ ಗಡಿಯಾರ ಹಿಡಿದು ನಿಮಿಷದ ಲೆಕ್ಕ. ಈ ನಿಯಮಗಳನ್ನೆಲ್ಲ ಸೇರಿಸಿ 1913ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ಹೆಸರು 'ಲಿಟಲ್ ವಾರ್ಸ್'. ಅಂದರೆ ಪುಟ್ಟ ಯುದ್ಧಗಳು. ಹನ್ನೆರಡರಿಂದ ನೂರೈವತ್ತು ವರ್ಷದ ಹುಡುಗರಿಗೆ ಎಂದು ಅದರ ಮುಖಪುಟವೇ ಹೇಳುತ್ತದೆ. ನನ್ನಾಕೆಗೆ ಈ ಆಧಾರವನ್ನು ತೋರಿಸಿದ ಮೇಲೆ ಅವಳು ನಗುವುದನ್ನು ನಿಲ್ಲಿಸಿದಳು.

ವೆಲ್ಸ್ ಯುದ್ಧಪ್ರಿಯನಲ್ಲ. ಆ ಪುಸ್ತಕದ ಕೊನೆಯ ಪುಟಗಳಲ್ಲಿ ಅವನ ವಾದ ಇಷ್ಟು: ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಮಹಾಯುದ್ಧವು ಎಂತಹ ಎಡವಟ್ಟಿನ ವ್ಯವಹಾರವೆಂದು ತಿಳಿಯದಿರದು. ಯುದ್ಧಕ್ಕೆ ಹಾತೊರೆಯುವ ದೊಡ್ಡ ಮನುಷ್ಯರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ ಅವರಿಗೆ ಸೀಸದ ಸಿಪಾಯಿಗಳನ್ನು ಕೊಟ್ಟುಬಿಡಬೇಕು. ಮರುವರ್ಷವೇ, 1914ರ ಆಗಸ್ಟಿನಲ್ಲಿ, ಮಹಾಯುದ್ಧ ಬಂದಿತು. ಅದೇ ವೆಲ್ಸ್ ಆ ಯುದ್ಧವನ್ನು ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧವೆಂದು ಕರೆದು ಇನ್ನೊಂದು ಪುಸ್ತಕ ಬರೆದನು. ಕೊನೆಗಾಣಲಿಲ್ಲವೆಂಬುದು ನಮಗೆಲ್ಲ ತಿಳಿದಿದೆ. ಅದಕ್ಕಾಗಿ ಅವನನ್ನು ಹಂಗಿಸಲು ನನಗೆ ಮನಸ್ಸಿಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1962ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ 'ವಾರ್ ಗೇಮ್ಸ್' ಪುಸ್ತಕದಿಂದ ಈ ಹವ್ಯಾಸ ಸಾಮಾನ್ಯರಲ್ಲಿ ಹರಡಿತು. ಪ್ಲಾಸ್ಟಿಕ್ ಬಂದು ಸಿಪಾಯಿಗಳು ಅಗ್ಗವಾದರು. 1974ರಲ್ಲಿ ಅಮೆರಿಕದಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮಾಯಾಲೋಕದ ಆಟವೂ ಇದರ ಹೊಟ್ಟೆಯಲ್ಲಿಯೇ ಹುಟ್ಟಿದ್ದು. ರಾಕ್ಷಸರ, ಅಂತರಿಕ್ಷ ಯೋಧರ ಗೊಂಬೆಗಳನ್ನು ನಾಟಿಂಗ್‌ಹ್ಯಾಮಿನ ಕಂಪನಿಯೊಂದು ಇಂದು ಲೋಕಕ್ಕೆಲ್ಲ ಮಾರುತ್ತದೆ. ಮೊಮ್ಮಗನ ಶಾಲೆಯ ಗೆಳೆಯರು ಅದನ್ನೇ ಆಡುತ್ತಾರಂತೆ. ಇವನಿಗೆ ಮಾತ್ರ ಇತಿಹಾಸದ ಸಿಪಾಯಿಗಳೇ ಬೇಕು. ಯಾರ ರಕ್ತವೋ!

ಈಗ ನಮ್ಮ ಮನೆಯ ಯುದ್ಧಕ್ಕೆ ಬರೋಣ.

ಯಾವ ಕದನ ಆಡೋಣವೆಂದು ಕೇಳಿದಾಗ ಅವನು ವಾಟರ್ಲೂ ಎಂದನು. ಕೆಂಪಂಗಿಯವರು ನಿನ್ನ ಅಮ್ಮನ ಊರಿನ ಹತ್ತಿರಕ್ಕೂ ಬಂದಿದ್ದರು, ಗೊತ್ತೇ ಎಂದು ನಾನು 1799ರ ಶ್ರೀರಂಗಪಟ್ಟಣದ ಕಥೆ ಹೇಳಿದೆ. ಒಪ್ಪಿದನು. ಪಕ್ಕದ ಮನೆಯ ಹುಡುಗಿ, ಆಗ ದ್ವಿತೀಯ ಪಿಯುಸಿ ಓದುತ್ತಿದ್ದವಳು, ಟಿಪ್ಪುವಿನ ಪಕ್ಷ. ಅವಳಿಗೆ ಸಿಪಾಯಿಗಳಿಲ್ಲವಾದ್ದರಿಂದ ನಮ್ಮ ಮನೆಯ ದಸರಾ ಗೊಂಬೆಗಳ ಪೆಟ್ಟಿಗೆಯಿಂದ ಮೆರವಣಿಗೆಯ ಸೈನಿಕರನ್ನು ಇಳಿಸಿದೆವು. ಅವರು ಕೆಂಪಂಗಿಯವರಿಗಿಂತ ಮೂರು ಪಟ್ಟು ಎತ್ತರ. ಅದನ್ನು ಗಮನಿಸಬಾರದೆಂದು ಒಪ್ಪಂದವಾಯಿತು. ನನ್ನಾಕೆಯ ಹಳೆಯ ನೀಲಿ ಸೀರೆ ಕಾವೇರಿ. ಕನ್ನಡ ನಿಘಂಟಿನ ಸಂಪುಟಗಳು ಕೋಟೆಯ ಗೋಡೆ. ನಾನು ಅಂಪೈರ್.

ಆ ಮುತ್ತಿಗೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಜನರಲ್ ಹ್ಯಾರಿಸನ ಕಂಪನಿ ಸೈನ್ಯ, ಜೊತೆಗೆ ಹೈದರಾಬಾದಿನ ನಿಜಾಮನ ಸೈನ್ಯ, ಏಪ್ರಿಲ್ ಮೊದಲ ವಾರದಲ್ಲಿ ಕೋಟೆಯ ಮುಂದೆ ಬಂದು ನಿಂತಿತು. ಅವರಿಗೆ ಧಾನ್ಯದ ಕೊರತೆ. ಮುಂಗಾರು ಹಿಡಿದು ಕಾವೇರಿ ತುಂಬಿದರೆ ಕೋಟೆಗೆ ದಾಟುವಂತಿಲ್ಲ. ಟಿಪ್ಪುವಿಗೆ ಬೇಕಾದುದು ಇನ್ನು ಕೆಲವು ವಾರ ಅಷ್ಟೇ. ಮೇ 2ರಂದು ಕೋಟೆಯೊಳಗೆ ರಾಕೆಟ್ಟುಗಳ ಸಂಗ್ರಹವೊಂದು ಸಿಡಿಯಿತು. ವಾಯವ್ಯ ಮೂಲೆಯ ಗೋಡೆ ಒಡೆಯಿತು. ಮೇ 4ರ ಮಧ್ಯಾಹ್ನ ಒಂದು ಗಂಟೆಯ ಬಿರುಬಿಸಿಲಿನಲ್ಲಿ, ಕಾವಲಿನವರು ಊಟದ ಹೊತ್ತಿನಲ್ಲಿರುವಾಗ, ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂಡೆಗಳ ನಡುವಿನ ತೆಳ್ಳನೆಯ ನೀರಿನಲ್ಲಿ ನದಿ ದಾಟಿದರು. ಮುಂದೆ ನಿಂತವನು ಜನರಲ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸಂಕೋಲೆಯಲ್ಲಿದ್ದವನು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಜೂನ್ ತಿಂಗಳ ಕೊನೆಯಲ್ಲಿ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದರು. 1831ರಲ್ಲಿ ಕಂಪನಿಯವರು ಅವರ ಕೈಯಿಂದ ಆಡಳಿತವನ್ನೂ ಕಿತ್ತುಕೊಂಡರು. ಚದುರಂಗವನ್ನೂ ಹಲಗೆಯಾಟಗಳನ್ನೂ ಹೊಸಹೊಸದಾಗಿ ರಚಿಸುವುದರಲ್ಲಿ ಆ ದೊರೆ ತೋರಿದ ಆಸಕ್ತಿ ಪ್ರಸಿದ್ಧವಾದುದು. ರಾಜ್ಯವಿಲ್ಲದ ರಾಜನಿಗೆ ಆಟದ ಹಲಗೆ!

ಈ ಕಾಲವನ್ನು ಆಟದಲ್ಲಿ ತರಲು ನಾನೇ ನಿಯಮ ಮಾಡಿದೆ. ಒಂದು ಸರದಿ ಒಂದು ದಿನ. ಆಟ ಏಪ್ರಿಲ್ 20ರಿಂದ ಆರಂಭ. ಕಂಪನಿಯ ಪಕ್ಷಕ್ಕೆ ಹದಿನೆಂಟು ಹುಣಸೆ ಬೀಜ, ದಿನಕ್ಕೊಂದು ಖರ್ಚು. ಬೀಜ ಮುಗಿದರೆ ಡೇರೆ ಕಿತ್ತು ಹೊರಡಬೇಕು. ಪ್ರತಿ ಸರದಿಗೂ ಅಂಪೈರ್ ಒಂದು ದಾಳ ಹಾಕುತ್ತಾನೆ. ಒಂದು ಬಿದ್ದರೆ ಕೊಡಗಿನಲ್ಲಿ ಮಳೆ. ಬೆನ್ನುಬೆನ್ನಿಗೆ ಎರಡು ದಿನ ಮಳೆಯಾದರೆ ಹೊಳೆ ತುಂಬಿತು, ಮುತ್ತಿಗೆ ಮುರಿಯಿತು.

ಎರಡು ಗಂಟೆ ಆಡಿದರು. ಹುಡುಗಿ ಜಾಣೆ. ಗೋಡೆ ಒಡೆಯುವ ಜಾಗವನ್ನು ಮೊದಲೇ ಊಹಿಸಿ ಒಳಗಂದಕದ ಹಿಂದೆ ತನ್ನ ಜನರನ್ನು ಇಟ್ಟಳು. ಆದರೂ ಮೇ 2ರ ಹೊತ್ತಿಗೆ ನಿಘಂಟಿನ ಎರಡನೆಯ ಸಂಪುಟ ಕುಸಿಯಿತು. ಆ ದಿನ ನನ್ನ ದಾಳದಲ್ಲಿ ಒಂದು ಬಿದ್ದಿತು. ಮೇ 3. ಮೊಮ್ಮಗ ತನ್ನವರನ್ನೆಲ್ಲ ಸೀರೆಯ ಅಂಚಿಗೆ ತಂದು ನಿಲ್ಲಿಸಿದನು. ನಾನು ದಾಳ ಹಾಕಿದೆ. ಮತ್ತೆ ಒಂದು.

ಹೊಳೆ ತುಂಬಿತು. ಶ್ರೀರಂಗಪಟ್ಟಣ ಉಳಿಯಿತು.

"ಇಲ್ಲ ತಾತ! ಮೇ ನಾಲ್ಕನೇ ತಾರೀಖು ನದೀಲಿ ನೀರೇ ಇರಲಿಲ್ಲ ಅಂತ ನೀವೇ ಹೇಳಿದ್ರಲ್ಲ!" ಎಂದು ಅವನು ಕೂಗಿದನು. ಕಣ್ಣಲ್ಲಿ ನೀರಿತ್ತು.

ನಾನೇನು ಮಾಡಿದೆನೆಂದು ಬರೆಯಲು ಈಗಲೂ ಸಂಕೋಚವಾಗುತ್ತದೆ. ಹೌದಲ್ಲ, ಇತಿಹಾಸದಲ್ಲಿ ಹಾಗಿಲ್ಲ ಎಂದು ಹೇಳಿ ದಾಳವನ್ನು ಎತ್ತಿಕೊಂಡು ಮತ್ತೊಮ್ಮೆ ಹಾಕಿದೆ. ನಾಲ್ಕು ಬಿದ್ದಿತು. ಕೆಂಪಂಗಿಯವರು ಸೀರೆಯನ್ನು ದಾಟಿದರು. ಅರ್ಧ ಗಂಟೆಯಲ್ಲಿ ಕೋಟೆ ಬಿದ್ದಿತು. ನನಗೆ ಒಂದು ಬಗೆಯ ನೆಮ್ಮದಿಯೂ ಆಯಿತು, ಮೊಮ್ಮಗ ಗೆದ್ದನೆಂದಲ್ಲ, ಪುಸ್ತಕದಲ್ಲಿದ್ದಂತೆ ಆಯಿತಲ್ಲ ಎಂದು. ಹುಡುಗಿ ತನ್ನ ಗೊಂಬೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದಳು. ಹೊರಡುವಾಗ, "ಸಾರ್, ಕೋಟೆ ಬೀಳಲೇಬೇಕು ಅಂತಿದ್ರೆ ನಾನ್ಯಾಕೆ ಆಡಬೇಕಿತ್ತು?" ಎಂದಳು. ಕೋಪದಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದಂತೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಈ ಆಟಗಳ ಬಗ್ಗೆ ಓದುತ್ತಿದ್ದಾಗ ಸಿಕ್ಕಿದ್ದ ಒಂದು ಸಂಗತಿ ನೆನಪಾಯಿತು. 1942ರ ಮೇ ತಿಂಗಳಿನಲ್ಲಿ ಜಪಾನಿನ ನೌಕಾಪಡೆಯ ಹಿರಿಯರು ಯಮಾಟೊ ಎಂಬ ಯುದ್ಧನೌಕೆಯ ಮೇಲೆ ಸೇರಿ, ಮಿಡ್‌ವೇ ದ್ವೀಪದ ಮೇಲಿನ ದಾಳಿಯನ್ನು ಮೇಜಿನ ಮೇಲೆ ಆಡಿ ನೋಡಿದರು. ಅಲ್ಲಿದ್ದ ಅಧಿಕಾರಿಗಳಲ್ಲಿ ಒಬ್ಬನಾದ ಫುಚಿಡಾ ಯುದ್ಧದ ನಂತರ ಬರೆದಿರುವ ಪ್ರಕಾರ, ಅಮೆರಿಕದ ವಿಮಾನಗಳ ದಾಳಿಗೆ ದಾಳ ಹಾಕಿದಾಗ ಒಂಬತ್ತು ಬಾಂಬುಗಳು ತಗುಲಿ ಅವರ ಎರಡು ವಿಮಾನವಾಹಕ ನೌಕೆಗಳು ಮುಳುಗಿದುವೆಂದು ಅಂಪೈರ್ ತೀರ್ಪಿತ್ತನು. ಆಟದ ಮೇಲ್ವಿಚಾರಣೆ ನಡೆಸುತ್ತಿದ್ದ ಅಡ್ಮಿರಲ್ ಉಗಾಕಿ ಅದನ್ನು ತಡೆದು, ಒಂಬತ್ತಲ್ಲ ಮೂರು ಎಂದು ಬದಲಾಯಿಸಿದನು. ಮುಳುಗಿದ್ದ ನೌಕೆಯೊಂದು ಮೇಲೆದ್ದಿತು. ಜೂನ್ ತಿಂಗಳಿನಲ್ಲಿ ನಿಜವಾದ ಮಿಡ್‌ವೇಯಲ್ಲಿ ಅವರ ನಾಲ್ಕು ವಿಮಾನವಾಹಕಗಳು ಮುಳುಗಿದವು. ಅವುಗಳನ್ನು ಮೇಲೆತ್ತಲು ಯಾರಿಂದಲೂ ಆಗಲಿಲ್ಲ. ಈ ಪ್ರಸಂಗವನ್ನು ಬಹಳ ದೊಡ್ಡದು ಮಾಡಬಾರದೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ನನಗೆ ಮಾತ್ರ ಆ ರಾತ್ರಿ ಅದು ದೊಡ್ಡದಾಗಿಯೇ ಕಂಡಿತು.

ಅದೇ ವರ್ಷದ ಇನ್ನೊಂದು ಕೋಣೆಯನ್ನೂ ಹೇಳಬೇಕು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಎಂಬ, ಕ್ಷಯರೋಗದಿಂದಾಗಿ ನೌಕಾಪಡೆಯಿಂದ ನಿವೃತ್ತನಾಗಿದ್ದ ಅಧಿಕಾರಿಗೆ ಒಂದು ಕಟ್ಟಡದ ಮೇಲಂತಸ್ತನ್ನು ಕೊಟ್ಟು, ಅಟ್ಲಾಂಟಿಕ್ಕಿನಲ್ಲಿ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದ ಜರ್ಮನ್ ಜಲಾಂತರ್ಗಾಮಿಗಳ ಗುಟ್ಟು ಕಂಡುಹಿಡಿ ಎಂದರು. ಸಹಾಯಕ್ಕೆ ನೌಕಾಪಡೆಯ ಮಹಿಳಾ ವಿಭಾಗದ ಹುಡುಗಿಯರು, ಹಲವರು ಇಪ್ಪತ್ತರ ಆಸುಪಾಸಿನವರು. ನೆಲದ ಮೇಲೆ ಚೌಕುಳಿ ಬರೆದು, ಸಣ್ಣ ಹಡಗುಗಳನ್ನಿಟ್ಟು, ಸೀಮೆಸುಣ್ಣದಲ್ಲಿ ದಾರಿ ಗುರುತಿಸುತ್ತ ಆಡಿದರು. ಅಧಿಕಾರಿಗಳು ಪರದೆಯ ಹಿಂದೆ ನಿಂತು ಕಿಂಡಿಯಲ್ಲಿ ನೋಡಬೇಕು. ಜಲಾಂತರ್ಗಾಮಿಯ ದಾರಿಯನ್ನು ಹಸಿರು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಕಿಂಡಿಯಿಂದ ನೋಡುವವರ ಕಣ್ಣಿಗೆ ಅದು ಹತ್ತುತ್ತಿರಲಿಲ್ಲ. ಹೀಗೆ ಆಡಿಯೇ, ಜಲಾಂತರ್ಗಾಮಿಗಳು ಹೊರಗಿನಿಂದಲ್ಲ, ಹಿಂದಿನಿಂದ ಹಡಗುಗಳ ಸಾಲಿನೊಳಕ್ಕೇ ನುಸುಳಿ ಹೊಡೆಯುತ್ತಿವೆ ಎಂದು ತಿಳಿದರು. ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಸ್ವತಃ ಹಳೆಯ ಜಲಾಂತರ್ಗಾಮಿ ನಾಯಕ. ಅವನು ಆ ಪಾತ್ರ ವಹಿಸಿ ಆಡಿದಾಗ ಜಾನೆಟ್ ಓಕೆಲ್ ಎಂಬ ಹುಡುಗಿಯ ಕೈಯಲ್ಲಿ ಐದು ಬಾರಿಯೂ ಸೋತನಂತೆ. ದಾಳವನ್ನಾಗಲಿ ಹುಡುಗಿಯನ್ನಾಗಲಿ ಬದಲಾಯಿಸಿ ಎಂದು ಅವನು ಹೇಳಲಿಲ್ಲ.

ಇನ್ನು ಆರಂಭದಲ್ಲಿ ಹೇಳಿದ ನೆನಪು. 1989. ಒಂಬತ್ತನೆಯ ತರಗತಿ, ಮಧ್ಯಾಹ್ನದ ಮೊದಲನೆಯ ಪೀರಿಯಡ್. ನಾನು ಒಳಗೆ ಬಂದಾಗ ಕೊನೆಯ ಬೆಂಚಿನ ಹಿಂದೆ ಇಬ್ಬರು ಹುಡುಗರು ನೆಲದ ಮೇಲೆ ಕುಳಿತಿದ್ದರು. ಸೀಮೆಸುಣ್ಣದಲ್ಲಿ ಒಂದು ನದಿ ಬರೆದಿತ್ತು. ಬೆಂಕಿಕಡ್ಡಿಗಳು ಸಿಪಾಯಿಗಳು, ಖಾಲಿ ಬೆಂಕಿಪೊಟ್ಟಣಗಳು ಆನೆ, ಪೆನ್ನಿನ ಮುಚ್ಚಳಗಳು ಫಿರಂಗಿ. ಹಿಂದಿನ ದಿನ ನಾನು ಹೇಳಿದ್ದ ಮೂರನೆಯ ಪಾಣಿಪತ್ ಕದನ ಅದು. ಅವರಲ್ಲೊಬ್ಬ ಎದ್ದು ನಿಂತು ಹೆದರದೆ ಹೇಳಿದನು: "ಸಾರ್, ಇಬ್ರಾಹಿಂ ಖಾನ್ ಗಾರ್ದಿ ಫಿರಂಗಿ ಸರಿಯಾಗಿ ನಿಲ್ಲಿಸಿದ್ರೆ, ಊಟ ಇದ್ದಿದ್ರೆ, ಮರಾಠರು ಗೆಲ್ತಾರೆ ಸಾರ್. ಎರಡು ಸಲ ಗೆದ್ರು." ನಾನು ಏನೆಂದೆ? "ಪಾಣಿಪತ್‌ನಲ್ಲಿ ಮರಾಠರು ಸೋತರು. 1761, ಜನವರಿ 14. ಅದಿಷ್ಟೇ ಪರೀಕ್ಷೆಗೆ ಬರುವುದು" ಎಂದೆ. ಕಾಲಿನಿಂದ ಬೆಂಕಿಕಡ್ಡಿಗಳನ್ನು ಸರಿಸಿ, ಪೊಟ್ಟಣಗಳನ್ನು ತೆಗೆದು ಕಿಟಕಿಯಿಂದ ಹೊರಗೆ ಎಸೆದೆ. ಇಬ್ಬರನ್ನೂ ಪಾಠ ಮುಗಿಯುವವರೆಗೆ ನಿಲ್ಲಿಸಿದೆ. ತರಗತಿ ನಕ್ಕಿತು. ಎಸೆಯುವಾಗ ನೋಡಿದ್ದೆ, ಪ್ರತಿ ಪೊಟ್ಟಣದ ಮೇಲೂ ಶಾಯಿಯಲ್ಲಿ ಆನೆಯ ಕಣ್ಣು ಬರೆದಿದ್ದರು.

ಎದ್ದು ಮಾತನಾಡಿದ ಆ ಹುಡುಗ ಮುಂದೆ ಸೈನ್ಯಕ್ಕೆ ಸೇರಿದನು. ಹವಾಲ್ದಾರನಾಗಿ ನಿವೃತ್ತನಾಗಿ ಈಗ ಅರಸೀಕೆರೆಯ ಹತ್ತಿರ ತೆಂಗಿನ ತೋಟ ನೋಡಿಕೊಂಡಿದ್ದಾನೆ. ಪ್ರತಿ ಯುಗಾದಿಗೆ ಫೋನ್ ಮಾಡುತ್ತಾನೆ. ಒಮ್ಮೆಯೂ ಆ ದಿನದ ಮಾತೆತ್ತಿದವನಲ್ಲ. ಮರುದಿನ ಬೆಳಿಗ್ಗೆ ನಾನೇ ಅವನಿಗೆ ಫೋನ್ ಮಾಡಿದೆ. ನೆನಪಿದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೆನಪಿದೆ ಸಾರ್" ಎಂದನು. ತಪ್ಪು ಮಾಡಿದೆನಪ್ಪ ಎಂದೆ. "ಅಯ್ಯೋ ಬಿಡಿ ಸಾರ್, ಹಳೇ ಮಾತು" ಎಂದನು. ಬಿಟ್ಟೇಬಿಟ್ಟನೆಂದುಕೊಂಡೆ. ಆಮೇಲೆ, "ಆದ್ರೆ ಸಾರ್, ಆ ಪೊಟ್ಟಣ ಸೇರಿಸೋಕೆ ನಮಗೆ ಎರಡು ತಿಂಗಳು ಹಿಡಿದಿತ್ತು" ಎಂದನು.

ಆ ಸಂಜೆ ಹುಡುಗಿಯನ್ನು ಮತ್ತೆ ಕರೆಸಿ, ಮೊಮ್ಮಗನನ್ನೂ ಕೂರಿಸಿ, ಮೇ 3ರ ಸ್ಥಿತಿಗೆ ಮೇಜನ್ನು ಮರಳಿ ಜೋಡಿಸಿದೆವು. ನನ್ನ ಎರಡನೆಯ ದಾಳವನ್ನು ರದ್ದು ಮಾಡಿದೆ. ಹೊಳೆ ತುಂಬಿಯೇ ಉಳಿಯಿತು. ಮೊಮ್ಮಗ ತುಟಿ ಕಚ್ಚಿಕೊಂಡು ತನ್ನ ಉಳಿದ ನಾಲ್ಕು ಹುಣಸೆ ಬೀಜಗಳನ್ನು ನೋಡಿ, ಮದರಾಸಿಗೆ ಹಿಂದಿರುಗಲು ಇಷ್ಟು ಸಾಕೇ ಎಂದು ಕೇಳಿದನು. ಸಾಲದು ಎಂದೆ. ಹಾಗಾದರೆ ದಾರಿಯಲ್ಲಿ ಎಷ್ಟು ಜನ ಸಾಯುತ್ತಾರೆ ಎಂದನು. ಅದಕ್ಕೆ ನಿಯಮವಿರಲಿಲ್ಲ. ಮೂವರೂ ಕುಳಿತು ಮಾಡಿದೆವು. ಮನೆಗೆ ಮರಳಿದವರು ನಲವತ್ತರಲ್ಲಿ ಹದಿನೇಳು ಮಂದಿ. ಸತ್ತವರನ್ನು ಅವನು ಪೆಟ್ಟಿಗೆಗೆ ಹಾಕದೆ, ಮೇಜಿನ ಅಂಚಿನಲ್ಲಿ ಮಲಗಿಸಿಟ್ಟು ಬಹಳ ಹೊತ್ತು ನೋಡುತ್ತ ಕುಳಿತಿದ್ದನು.

ಆಗಸ್ಟ್ ಕೊನೆಯಲ್ಲಿ ಅವರು ಹೊರಟರು. ಪೆಟ್ಟಿಗೆಯನ್ನು ಇಲ್ಲಿಯೇ ಬಿಟ್ಟು ಹೋಗಿದ್ದಾನೆ. ಈಗ ತಿಂಗಳಿಗೊಂದು ಭಾನುವಾರ ಆಟ. ಹುಡುಗಿ ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಊರಿಗೆ ಬಂದಾಗ ಬರುತ್ತಾಳೆ. ದಾಳವನ್ನು ನಾನು ಕೈಯಿಂದ ಹಾಕುವುದಿಲ್ಲ. ಸ್ಟೀಲ್ ಲೋಟದಲ್ಲಿ ಕುಲುಕಿ ಮೇಜಿನ ಮೇಲೆ ಬೋರಲು ಹಾಕುತ್ತೇನೆ, ಲೋಟ ಎತ್ತುವುದು ಆಟಗಾರರು.

ಬರುವ ಭಾನುವಾರ ಪಾಣಿಪತ್. ಅರಸೀಕೆರೆಯಿಂದ ಹವಾಲ್ದಾರರು ಬೆಳಗಿನ ಬಸ್ಸಿಗೆ ಬರುತ್ತಿದ್ದಾರೆ. ಮರಾಠರ ಪಕ್ಷ ಅವನದೇ. ಅಬ್ದಾಲಿಯಾಗಲು ಇನ್ನೂ ಯಾರೂ ಸಿಕ್ಕಿಲ್ಲ, ಹಾಸನದಲ್ಲಿರುವವರು ಯಾರಾದರೂ ಬರುವುದಾದರೆ ಹೇಳಿ. ನಾನು ಕಳೆದ ಸೆಪ್ಟೆಂಬರಿನಿಂದ ಖಾಲಿ ಬೆಂಕಿಪೊಟ್ಟಣ ಸೇರಿಸುತ್ತಿದ್ದೇನೆ. ಈಗ ಮನೆಗಳಲ್ಲಿ ಲೈಟರ್ ಬಂದು ಪೊಟ್ಟಣ ಸಿಗುವುದೇ ಕಷ್ಟ. ಇದುವರೆಗೆ ಇಪ್ಪತ್ತಮೂರು ಆಗಿವೆ. ಕಣ್ಣು ಬರೆಯುವುದನ್ನು ಅವನಿಗೇ ಬಿಟ್ಟಿದ್ದೇನೆ.